ಬಯಾಸ್ ಬದಲಿಸುವ ಮುನ್ನ ಯಾರನ್ನು ಕೇಳಬೇಕು

ಕಾಲೇಜುಗಳ ಕಂಪ್ಯೂಟರ್ ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿಯರು ಈಗಲೂ ನನಗೆ ಫೋನ್ ಮಾಡುತ್ತಾರೆ. ನಿವೃತ್ತಿಯಾದವರಿಗೆ ಬೇರೆ ಕೆಲಸ ಇರುವುದಿಲ್ಲ ಎಂಬ ಗಟ್ಟಿ ನಂಬಿಕೆ ಅವರದು. ಮೊನ್ನೆ ಹಿತ್ತಲಲ್ಲಿ ಬಂಗಡೆ ಕೊಯ್ಯುತ್ತ ಕೂತಾಗ ಒಬ್ಬಳ ಫೋನ್ ಬಂತು. ಕೈಯಲ್ಲಿ ಮೀನು, ಕಿವಿಗೂ ಹೆಗಲಿಗೂ ನಡುವೆ ಮೊಬೈಲು.

"ಅಕ್ಕೋರೆ, ಹೊಸ ಬಯಾಸ್ ಬಂದದೆ ಅಂತ ಸ್ಕ್ರೀನ್ ಮೇಲೆ ತೋರಿಸ್ತದೆ. ಹಾಕೂದಾ, ಬೇಡ್ವಾ?"

"ಈಗ ಕಂಪ್ಯೂಟರಿಗೆ ಎಂತ ಆಗಿದೆ?"

"ಎಂತದೂ ಆಗ್ಲಿಲ್ಲ. ಚೊಲೋ ಅದೆ."

"ಹಂಗಾರೆ ಹಾಕಿ ಎಂತ ಮಾಡ್ತೀಯೆ ಮಾರಾಯ್ತಿ?"

"ಹೊಸದಲ್ದಾ ಅಕ್ಕೋರೆ" ಎಂದಳು. ಅವಳಿಗೆ ಬುದ್ಧಿ ಹೇಳಿ ಮುಗಿಸುವಷ್ಟರಲ್ಲಿ ಬೆಕ್ಕು ಒಂದು ಬಂಗಡೆ ಎತ್ತಿಕೊಂಡು ಬೇಲಿ ದಾಟಿತ್ತು. ಅವತ್ತೇ ತೀರ್ಮಾನ ಮಾಡಿದೆ, ಇದನ್ನೆಲ್ಲ ಬರೆದಿಟ್ಟುಬಿಡಬೇಕು ಎಂದು. ಓದಿಕೊಳ್ಳುವವರು ಓದಿಕೊಳ್ಳಲಿ, ನನ್ನ ಮೀನಾದರೂ ಉಳಿಯಲಿ.

ಗೊತ್ತಿಲ್ಲದವರಿಗೆ ಮೊದಲು ಹೇಳುತ್ತೇನೆ. ಕಂಪ್ಯೂಟರಿನ ಗುಂಡಿ ಒತ್ತಿದ ಕೂಡಲೇ ವಿಂಡೋಸ್ ಬರುವುದಿಲ್ಲ. ಅದಕ್ಕೂ ಮೊದಲು ಮದರ್‌ಬೋರ್ಡಿನ ಮೇಲಿರುವ ಉಗುರಿನಷ್ಟು ದೊಡ್ಡ ಚಿಪ್ಪೊಂದರಲ್ಲಿ ಬರೆದಿಟ್ಟ ಸಣ್ಣ ಪ್ರೋಗ್ರಾಮು ಎದ್ದು ಕೂರುತ್ತದೆ. ಕೀಬೋರ್ಡ್ ಇದೆಯೋ, ಡಿಸ್ಕ್ ಇದೆಯೋ, ಸೌಂಡ್ ಇದೆಯೋ ಎಂದು ಹಾಜರಿ ತೆಗೆದುಕೊಂಡು ಆಮೇಲೆ ವಿಂಡೋಸನ್ನು ಎಬ್ಬಿಸುತ್ತದೆ. ಅದೇ ಬಯಾಸ್. ಕಂಪನಿಯವರು ಆಗಾಗ ಅದರ ಹೊಸ ಆವೃತ್ತಿ ಬಿಡುತ್ತಾರೆ. ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವ ಆ ಕೆಲವು ನಿಮಿಷ ಮಾತ್ರ ಅಪಾಯದ್ದು. ನಡುವೆ ಕರೆಂಟು ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಗುಂಡಿ ಎಷ್ಟು ಒತ್ತಿದರೂ ಪೆಟ್ಟಿಗೆ ಸುಮ್ಮನೆ ಕೂತಿರುತ್ತದೆ. ಈಗಿನ ಕೆಲವು ಬೋರ್ಡುಗಳಲ್ಲಿ ಎರಡನೇ ಚಿಪ್ಪು ಇರುತ್ತದೆ, ಬದುಕಿಸಿಕೊಳ್ಳಬಹುದು. ನಮ್ಮ ಕಾಲೇಜು ಕೊಳ್ಳುವ ಅಗ್ಗದ ಬೋರ್ಡುಗಳಲ್ಲಿ ಅದೆಲ್ಲ ಎಲ್ಲಿ ಬರಬೇಕು.

ಈ ಪಾಠ ನನಗೆ ಕಲಿಸಿದವರು ನನ್ನ ಮೊದಲ ಯಜಮಾನರು. ಕಾರವಾರದಲ್ಲಿ ಒಂದು ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದರು. ಹೊಸದು ಎಂದರೆ ಪ್ರಾಣ ಬಿಡುವ ಮನುಷ್ಯ. ಅಂಗಡಿಯಲ್ಲಿ ಹೊಸ ಸೋಪು ಬಂದರೆ ಮನೆಯಲ್ಲಿ ಅರ್ಧ ಉಳಿದ ಸೋಪನ್ನು ಎಸೆದು ಅದನ್ನು ತರುತ್ತಿದ್ದರು ಎಂದು ಅವರ ಹೆಂಡತಿಯೇ ನನ್ನ ಹತ್ತಿರ ಗೋಳು ಹೇಳಿಕೊಂಡದ್ದುಂಟು. ಆಗ ಫ್ಲಾಪಿಯ ಕಾಲ. ನಮ್ಮ ಸಮುದ್ರದ ಗಾಳಿಗೆ ಫ್ಲಾಪಿಗೂ ಬೂಷ್ಟು ಹಿಡಿಯುತ್ತಿತ್ತು. ತಪಾಸಣೆಗೆ ದೊಡ್ಡವರು ಬರುವ ಹಿಂದಿನ ದಿನ ಇವರಿಗೆ ಎಲ್ಲವೂ ಲೇಟೆಸ್ಟ್ ಇರಬೇಕು ಎಂಬ ಹುಕಿ ಬಂತು. ಬೋರ್ಡಿನ ಹೆಸರು ನೋಡಿದರು, ಅದಕ್ಕೆ ತಕ್ಕ ಬಯಾಸ್ ತಂದರು, ಹಾಕಿಯೂ ಹಾಕಿದರು. ಹೆಸರಿನ ತುದಿಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬೋರ್ಡಿನ ಆವೃತ್ತಿ ಬರೆದಿರುತ್ತದೆ, ಅದನ್ನು ನೋಡಲಿಲ್ಲ. ಅಣ್ಣನ ಅಳತೆಯ ಅಂಗಿ ತಮ್ಮನಿಗೆ ಹಾಕಿದಂತಾಯಿತು. ಕಂಪ್ಯೂಟರು ಅಲ್ಲೇ ಕಣ್ಣು ಮುಚ್ಚಿತು.

ಮರುದಿನ ತಪಾಸಣೆಯವರು ಬಂದವರೇ, ಅಷ್ಟು ಕುರ್ಚಿಗಳಿದ್ದರೂ ಸತ್ತ ಯಂತ್ರದ ಎದುರೇ ಹೋಗಿ ಕೂತರು. ನಾನು ಮೆಲ್ಲಗೆ ಬಾಗಿಲ ಕಡೆ ಸರಿದೆ. ನಮ್ಮ ಯಜಮಾನರು ಮಾತ್ರ ಒಂದಿಷ್ಟೂ ಅಳುಕದೆ, "ಇದು ಮಕ್ಕಳಿಗೆ ರಿಪೇರಿ ಕಲಿಸೂಕೆ ಇಟ್ಟದ್ದು ಸರ್" ಎಂದರು. ಬಂದವರಿಗೆ ಬಹಳ ಸಂತೋಷವಾಯಿತು. "ಓ, ಹಾರ್ಡ್‌ವೇರ್ ಕೋರ್ಸೂ ನಡೆಸ್ತೀರಾ? ಚೊಲೋ ಆಯ್ತು" ಎಂದು ಹಾಗೇ ಬರೆದುಕೊಂಡು ಹೋದರು. ಬರೆದುಕೊಂಡು ಹೋದ ಮೇಲೆ ನಡೆಸದೆ ಉಂಟೇ? ಮುಂದಿನ ತಿಂಗಳಿಂದ ಹಾರ್ಡ್‌ವೇರ್ ಕೋರ್ಸ್ ಶುರುವಾಯಿತು. ಕಲಿಸುವವಳು ನಾನು, ಪಠ್ಯಪುಸ್ತಕ ಆ ಸತ್ತ ಯಂತ್ರ. ನಾನು ರಿಪೇರಿ ಕಲಿತದ್ದು ಹೀಗೆ, ಮಕ್ಕಳಿಗಿಂತ ಒಂದು ದಿನ ಮುಂಚೆ.

ಆಮೇಲೆ ಅಂಕೋಲೆಯ ಕಾಲೇಜಿಗೆ ಬಂದೆ. ಅಲ್ಲಿನ ಲ್ಯಾಬಿನ ಮುಖ್ಯಸ್ಥರು ಇದಕ್ಕೆ ಪೂರ್ತಿ ಉಲ್ಟಾ. ಯಾವುದನ್ನೂ ಮುಟ್ಟಕೂಡದು. ಹೊಸ ಮಾನಿಟರಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ತೆಗೆಯಲು ಬಿಡುತ್ತಿರಲಿಲ್ಲ. ಅದು ಅರ್ಧ ಕಿತ್ತು ಜೋತಾಡುತ್ತಿತ್ತು, ಮಕ್ಕಳು ಅದರ ಸಂದಿಯಿಂದ ಇಣುಕಿ ಪ್ರೋಗ್ರಾಂ ಬರೆಯುತ್ತಿದ್ದರು. ಬೋರ್ಡಿನ ಮೇಲಿನ ಗುಂಡಿ ಬ್ಯಾಟರಿಗಳು ಉಪ್ಪುಗಾಳಿಗೆ ಒಂದೊಂದಾಗಿ ಸತ್ತು, ಕಂಪ್ಯೂಟರುಗಳ ತಾರೀಖು ಹಿಂದೆ ಹಿಂದೆ ಹೋಗುತ್ತಿತ್ತು. ಆ ಲ್ಯಾಬಿನಲ್ಲಿ ಮುದ್ರಿಸಿದ ಪ್ರಾಕ್ಟಿಕಲ್ ಹಾಳೆಗಳ ಪ್ರಕಾರ ನಮ್ಮ ವಿದ್ಯಾರ್ಥಿಗಳೆಲ್ಲ ಹುಟ್ಟುವ ಮೊದಲೇ ಡಿಗ್ರಿ ಓದಿದ್ದರು. ಬ್ಯಾಟರಿ ಬದಲಿಸೋಣ ಸರ್ ಎಂದರೆ, "ನಡೀತಾ ಇದ್ಯಲ್ಲ, ಬಿಡಿ" ಎನ್ನುವರು. ಹೊಸದಕ್ಕೆ ಹಾರುವವರನ್ನು ಸಹಿಸಬಹುದು, ಹೀಗೆ ಕಲ್ಲಾಗಿ ಕೂತವರನ್ನು ಸಹಿಸುವುದು ನನ್ನಿಂದ ಆಗುತ್ತಿರಲಿಲ್ಲ. ಅವರಿಗೂ ನನಗೂ ದಿನಾ ಜಗಳ.

ಕಾಲ ಬದಲಾದ ಹಾಗೆ ಬಯಾಸ್ ಹಾಕುವ ರೀತಿಯೂ ಬದಲಾಯಿತು. ಫ್ಲಾಪಿ ಹೋಗಿ ಪೆನ್‌ಡ್ರೈವ್ ಬಂತು, ಪೆನ್‌ಡ್ರೈವ್ ಬೇಡವಾಗಿ ವಿಂಡೋಸಿನ ಒಳಗಿಂದಲೇ ಹಾಕುವ ಪದ್ಧತಿ ಬಂತು. ಕೊನೆಕೊನೆಗೆ ಯಾರನ್ನೂ ಕೇಳದೆ ಅದೇ ತನ್ನಷ್ಟಕ್ಕೆ ಹಾಕಿಕೊಳ್ಳುವ ಅಹಂಕಾರಕ್ಕೆ ಬಂತು. ಒಂದು ಬೇಸಿಗೆಯ ಸಂಜೆ ಲೈಬ್ರರಿಯ ಕಂಪ್ಯೂಟರು ಹಾಗೆ ಹಾಕಿಕೊಳ್ಳುತ್ತಿತ್ತು. ಅಷ್ಟರಲ್ಲಿ ಪಶ್ಚಿಮಕ್ಕೆ ಗುಡುಗು ಕೇಳಿತು. ನಮ್ಮ ಕಡೆ ಗುಡುಗು ಕೇಳಿದ ಕೂಡಲೇ ಮನೆಮನೆಯಲ್ಲಿ ಪ್ಲಗ್ಗು ಕೀಳುತ್ತಾರೆ, ಟಿವಿ, ಫ್ರಿಜ್ಜು, ಮಿಕ್ಸಿ ಒಂದೂ ಬಿಡುವುದಿಲ್ಲ. ನಮ್ಮ ಜವಾನ ಶಾಂತಾರಾಮನೂ ಹಾಗೇ ಓಡಿ ಬಂದು ಸಾಲಾಗಿ ಎಲ್ಲ ಪ್ಲಗ್ಗು ಕಿತ್ತ. ಮರುದಿನ ಲೈಬ್ರರಿಯ ಯಂತ್ರ ಏಳಲಿಲ್ಲ.

"ಶಾಂತಾರಾಮಾ, ಆಫ್ ಮಾಡಬೇಡಿ ಅಂತ ಸ್ಕ್ರೀನ್ ಮೇಲೆ ಅಷ್ಟು ದಪ್ಪಕ್ಕೆ ಬರೆದಿತ್ತಲ್ಲೋ" ಎಂದು ಕೂಗಾಡಿದೆ.

ಅವನು ನಿಧಾನಕ್ಕೆ ಹೇಳಿದ, "ಒಳಗೆ ಕೂತ ಅದಕ್ಕೆ ಗುಡುಗು ಬಂದದ್ದು ಹ್ಯಾಂಗೆ ಗೊತ್ತಾಗ್ಬೇಕು ಅಕ್ಕೋರೆ?"

ಅವತ್ತಿನಿಂದ ತಾನಾಗಿ ಹಾಕಿಕೊಳ್ಳುವ ಸೌಕರ್ಯವನ್ನು ಎಲ್ಲ ಯಂತ್ರಗಳಲ್ಲೂ ಬಂದ್ ಮಾಡಿದೆ. ಯಾವಾಗ ಹಾಕಬೇಕೆಂದು ಮನುಷ್ಯರು ಕೂತು ಯೋಚಿಸಬೇಕು.

ಹಾಗೆ ಕೂತು ಯೋಚಿಸಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು ಮೋಹನನ ಕಂಪ್ಯೂಟರಿನದು. ಅದನ್ನು ಹೇಳಲಿಕ್ಕೇ ಇಷ್ಟು ಪೀಠಿಕೆ ಹಾಕಿದೆ.

ಮೋಹನ ನಮ್ಮ ಕಾಲೇಜು ಆಫೀಸಿನ ಟೈಪಿಸ್ಟ್. ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ನಾನು ಕಾರವಾರದಿಂದ ಬಸ್ಸಿಗೆ ಬರುತ್ತಿದ್ದೆ, ಅವನು ಹಟ್ಟಿಕೇರಿಯಲ್ಲಿ ಹತ್ತುತ್ತಿದ್ದ. ಹತ್ತಿದ ಕೂಡಲೇ ನೆಟ್ಟಗೆ ನನ್ನ ಸೀಟಿನ ಹತ್ತಿರ ಬಂದು "ನಮಸ್ಕಾರ ಅಕ್ಕೋರೆ" ಎನ್ನುವನು. ನಾನು ಎಲ್ಲಿ ಕೂತಿದ್ದೇನೆಂದು ಹೇಗೆ ತಿಳಿಯುತ್ತದೆ ಎಂದು ಒಮ್ಮೆ ಕೇಳಿದೆ. "ಚಿಲ್ಲರೆಗೆ ಕಂಡಕ್ಟರನ ಹತ್ರ ಯಾವ ಸೀಟಿನವರು ಜಗಳ ಆಡ್ತಾರೆ ಅಂತ ಕೇಳ್ತೆ" ಎಂದ. ಅಂಥ ನಾಲಿಗೆ ಅವನದು.

ಅವನು ಕೆಲಸ ಮಾಡುತ್ತಿದ್ದದ್ದು ಹೆಡ್‌ಫೋನ್ ಹಾಕಿಕೊಂಡು. ಪರದೆಯ ಮೇಲೆ ಏನಿದೆಯೋ ಅದನ್ನು ಓದಿ ಹೇಳುವ ಪ್ರೋಗ್ರಾಮ್ ಇರುತ್ತದೆ, ಸ್ಕ್ರೀನ್ ರೀಡರ್ ಎಂದು. ಅದು ಅಕ್ಷರ, ಸಾಲು, ಗುಂಡಿ ಎಲ್ಲವನ್ನೂ ಕಿವಿಗೆ ಹೇಳುತ್ತ ಹೋಗುತ್ತದೆ. ಅದರ ವೇಗವನ್ನು ಅವನು ಎಷ್ಟು ಏರಿಸಿಟ್ಟಿದ್ದನೆಂದರೆ, ನಾನು ಕಿವಿಗೊಟ್ಟರೆ ಮಿಕ್ಸಿ ತಿರುಗಿದಂತೆ ಕೇಳುತ್ತಿತ್ತು. ಅವನಿಗೆ ಅದರಲ್ಲಿ ಕಾಮಾ ಬಿಟ್ಟದ್ದೂ ಗೊತ್ತಾಗುತ್ತಿತ್ತು.

ಅವನ ಕಂಪ್ಯೂಟರು ಊರಿನ ದಾನಿಯೊಬ್ಬರು ಅವನಿಗೆಂದೇ ಕೊಟ್ಟದ್ದು. ಅದಕ್ಕೆ ಒಂದು ರೋಗ ಶುರುವಾಯಿತು. ನಡುವೆ ಸ್ವಲ್ಪ ಹೊತ್ತು ಬಿಟ್ಟರೆ ನಿದ್ದೆಗೆ ಹೋಗುವುದು, ಎಬ್ಬಿಸಿದರೆ ಸೌಂಡೇ ಇಲ್ಲ. ಬೋರ್ಡಿಗೆ ತನ್ನಲ್ಲಿ ಸೌಂಡ್ ಎಂಬುದೊಂದಿದೆ ಎಂಬುದೇ ಮರೆತುಹೋಗುತ್ತಿತ್ತು. ಹೊರಗಿನಿಂದ ಬೇರೆ ಸೌಂಡ್ ಕಾರ್ಡ್ ಚುಚ್ಚಿದೆ, ಅದೂ ಹಾಗೇ. ನಿದ್ದೆ ಬೇಡವೆಂದು ಸೆಟ್ಟಿಂಗ್ ಬದಲಿಸಿದೆ, ವಿಂಡೋಸ್ ಹೊಸದಾಗಿ ಹಾಕಿದೆ, ಎಲ್ಲ ವ್ಯರ್ಥ. ನಮಗಾದರೆ ಸೌಂಡ್ ಹೋದರೆ ಹಾಡು ಕೇಳುವುದಿಲ್ಲ, ಅಷ್ಟೇ. ಅವನಿಗೆ ಸೌಂಡ್ ಹೋದರೆ ಪರದೆಯೇ ಹೋಯಿತು. ಲ್ಯಾಬಿನ ಹಳೆಯ ಯಂತ್ರ ಕೊಡೋಣವೆಂದರೆ, ಅದರಲ್ಲಿ ಕನ್ನಡದ ಧ್ವನಿ ಒಂದು ಸಾಲು ಓದಿ ಮುಗಿಸುವುದರೊಳಗೆ ಕ್ಯಾಂಟೀನಿಗೆ ಹೋಗಿ ಚಾ ಕುಡಿದು ಬರಬಹುದಿತ್ತು.

ಕೆಲಸ ಹಿಂದೆ ಬೀಳತೊಡಗಿತು. ಮೋಹನನದು ಹಂಗಾಮಿ ನೌಕರಿ. ಕಾಯಂ ಮಾಡುವ ವಿಷಯ ಆಡಳಿತ ಮಂಡಳಿಯ ಮುಂದಿನ ಸಭೆಗೆ ಬರುವುದಿತ್ತು. ಪ್ರಿನ್ಸಿಪಾಲರು ಕೆಟ್ಟವರಲ್ಲ, ಆದರೆ ಮೇಲಿನವರು ಏನೆಂದಾರು ಎಂಬ ಹೆದರಿಕೆಯ ಮನುಷ್ಯ. ಒಂದು ದಿನ ಮೋಹನನನ್ನು ಕರೆದು, "ಟೈಪಿಂಗಿಗೆ ಬೇರೆಯವರನ್ನು ನೋಡೋಣ, ನಿನಗೆ ಹಗುರ ಕೆಲಸ ಕೊಡ್ತೇನೆ, ಬೆಲ್ ಹೊಡಿ" ಎಂದರು.

"ಬೆಲ್ ಹೊಡೀಲಿಕ್ಕೆ ಗೋಡೆ ಮೇಲಿನ ಗಡಿಯಾರ ಕಾಣ್ಬೇಕಲ್ಲ ಸರ್" ಎಂದ ಮೋಹನ.

"ಅದನ್ನ ಶಾಂತಾರಾಮ ನೋಡಿ ಹೇಳ್ತಾನೆ."

"ಹಂಗಾರೆ ಬೆಲ್ಲೂ ಅವನೇ ಹೊಡೀಬಹುದಲ್ಲ ಸರ್."

ಹೊರಗೆ ಬಂದು ನನಗೆ ಇದನ್ನು ನಗುತ್ತಲೇ ಹೇಳಿದ. ಆಮೇಲೆ ನಗು ನಿಲ್ಲಿಸಿ, "ಟೈಪಿಂಗ್ ಪರೀಕ್ಷೆ ಪಾಸಾಗಿ ಬಂದವನು ನಾನು ಅಕ್ಕೋರೆ. ಆ ಕುರ್ಚಿ ಹೋದ್ರೆ ನಾನು ಈ ಆಫೀಸಿನಲ್ಲಿ ಯಾರಾದ್ರೂ ಕೈ ಹಿಡಿದು ಕೂರಿಸಿದಲ್ಲಿ ಕೂರುವವನು ಆಗ್ತೆ" ಎಂದ.

ಆ ರಾತ್ರಿ ಕಂಪನಿಯ ವೆಬ್‌ಸೈಟ್ ಹುಡುಕಿದೆ. ಅವನ ಬೋರ್ಡಿಗೆ ಹೊಸ ಬಯಾಸ್ ಬಂದಿತ್ತು. ಜೊತೆಯ ಟಿಪ್ಪಣಿಯಲ್ಲಿ, ಯಂತ್ರ ನಿದ್ದೆಯಿಂದ ಎದ್ದಾಗ ಸೌಂಡ್ ಕಾಣೆಯಾಗುವ ದೋಷ ಸರಿಪಡಿಸಿದ್ದೇವೆ ಎಂದು ಬರೆದಿತ್ತು. ಮಕ್ಕಳೇ, ಬಯಾಸ್ ಬದಲಿಸುವ ಸಮಯ ಇದು. ಹೊಸದು ಬಂತೆಂದು ಅಲ್ಲ, ನಿಮ್ಮ ಯಂತ್ರದ ರೋಗದ ಹೆಸರನ್ನೇ ಅವರ ಟಿಪ್ಪಣಿಯಲ್ಲಿ ಕಂಡಾಗ. ಆದರೆ ಹಾಕುವಾಗ ಹೆಚ್ಚುಕಡಿಮೆಯಾದರೆ ಈಗಿರುವ ಅರ್ಧ ಯಂತ್ರವೂ ಇಲ್ಲ. ಆ ಬೋರ್ಡು ಮಾರುಕಟ್ಟೆಯಲ್ಲಿ ಸಿಗುವುದು ನಿಂತಿತ್ತು. ಸಭೆ ಹತ್ತಿರ ಬಂದಿತ್ತು.

ಪ್ರಿನ್ಸಿಪಾಲರಿಗೆ ಹೇಳಿದೆ. ಅವರು ಬೆವರು ಒರೆಸಿಕೊಂಡು, "ಸಭೆ ಮುಗಿದ ಮೇಲೆ ಹಾಕಿದರೆ ಆಗೋದಿಲ್ವೇ?" ಎಂದರು.

"ಸಭೆ ಮುಗಿದ ಮೇಲೆ ಅವನು ಬೆಲ್ಲಿನ ಬುಡದಲ್ಲಿ ನಿಂತಿರ್ತಾನೆ ಸರ್. ಬೆಲ್ಲಿಗೆ ಬಯಾಸ್ ಇಲ್ಲ."

ಹೀಗೆ ಈ ಸುದ್ದಿ ಸ್ಟಾಫ್ ರೂಮಿಗೆ ಬಂತು, ಅಲ್ಲಿಂದ ಊರಿಗೆ ಹೋಯಿತು. ಬಯಾಸ್ ಎಂದರೇನೆಂದು ಗೊತ್ತಿಲ್ಲದವರಿಗೂ ಹಾಕಬೇಕೋ ಬೇಡವೋ ಎಂಬುದು ಗೊತ್ತಿತ್ತು. ಕನ್ನಡದ ಮೇಷ್ಟರು ಬೇಡ ಎಂದರು, ಗಣಿತದವರು ಹಾಕಿ ಎಂದರು, ಕ್ಯಾಂಟೀನಿನವನು ಅಮಾವಾಸ್ಯೆ ಕಳೆಯಲಿ ಎಂದ.

ಮೋಹನನ ತಾಯಿ ಮಾದೇವಿ ಆಯಿ ಇದನ್ನು ನೇರ ದೇವರ ಹತ್ತಿರ ಒಯ್ದರು. ನಮ್ಮ ಸೀಮೆಯಲ್ಲಿ ದೊಡ್ಡ ಕೆಲಸಕ್ಕೆ ಮೊದಲು ಪ್ರಸಾದ ಕೇಳುವುದು ಪದ್ಧತಿ. ಊರ ದೇವರ ಪೂಜೆ ಮಾಡುವ ಗುನಗರು ಮೂರ್ತಿಗೆ ಎರಡೂ ಬದಿ ಹೂವಿನ ಎಸಳು ಅಂಟಿಸುತ್ತಾರೆ. ನಾವು ಮನಸ್ಸಿನ ಪ್ರಶ್ನೆ ಹೇಳಿ ಕೈಮುಗಿದು ನಿಲ್ಲಬೇಕು. ಬಲಗಡೆಯ ಎಸಳು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಹೆಣ್ಣು ಕೊಡುವುದು, ಬಾವಿ ತೋಡುವುದು, ದೋಣಿ ಕೊಳ್ಳುವುದು, ಎಲ್ಲಕ್ಕೂ ಕೇಳುತ್ತಾರೆ. ಬಯಾಸಿಗೆ ಕೇಳಿದ್ದು ಬಹುಶಃ ಅದೇ ಮೊದಲು.

ಮರುದಿನ ಆಯಿ ಕಾಲೇಜಿಗೇ ಬಂದರು. "ಅಕ್ಕೋರೆ, ಬಲ ಬದಿ ಆತು. ಮುಟ್ಟೂಕೆ ಹೋಗ್ಬೇಡಿ" ಎಂದರು.

"ಬಲ ಬದಿ ಅಂದ್ರೆ ಹೌದು ಅಂತಲ್ಲವಾ ಆಯಿ?"

"ಹೌದು. ಇದ್ದ ಹಾಂಗೇ ಇರ್ಲೇನು ದೇವ್ರೇ ಅಂತ ಕೇಳಿದೆ. ಇರ್ಲಿ ಅಂತು."

ಅಷ್ಟರಲ್ಲಿ ಪ್ರಿನ್ಸಿಪಾಲರು ನನ್ನನ್ನು ಮೆಲ್ಲಗೆ ಒಳಗೆ ಕರೆದರು. ತಮ್ಮ ಹೆದರಿಕೆ ಕಳೆದುಕೊಳ್ಳಲು ಅವರೂ ಹಿಂದಿನ ಸಂಜೆ ಶಾಂತಾರಾಮನನ್ನು ಅದೇ ದೇವರ ಹತ್ತಿರ ಕಳಿಸಿದ್ದರಂತೆ. ಅವನು ಹೋಗಿ, ಹೊಸದು ಹಾಕಲೇನು ಎಂದು ಕೇಳಿದ್ದ. ಅವನಿಗೂ ಬಲ ಬದಿಯೇ ಆಗಿತ್ತು.

ಇನ್ನು ಕೇಳಬೇಕೇ. ಒಬ್ಬರಿಗೆ ಹಾಕಬೇಡ ಎಂದು ಅಪ್ಪಣೆ, ಒಬ್ಬರಿಗೆ ಹಾಕು ಎಂದು ಅಪ್ಪಣೆ, ದೇವರು ಒಬ್ಬನೇ. ಆಫೀಸಿನ ಎದುರು ಗುಂಪು ಕೂಡಿತು. ತಾಯಿ ಕೇಳಿದ್ದಕ್ಕೆ ತೂಕ ಹೆಚ್ಚು ಎಂದು ಕೆಲವರು, ಪ್ರಿನ್ಸಿಪಾಲರು ಕೇಳಿಸಿದ್ದು ಸಂಸ್ಥೆಯ ಪರವಾಗಿ ಎಂದು ಕೆಲವರು. ಶಾಂತಾರಾಮ ಚಪ್ಪಲಿ ಹೊರಗೆ ಬಿಟ್ಟಿದ್ದನೋ ಇಲ್ಲವೋ ಎಂಬ ವಿಚಾರಣೆಯೂ ನಡೆಯಿತು. ಕೊನೆಗೆ ಗುನಗರನ್ನೇ ಕೇಳಲು ಇಬ್ಬರು ಬೈಕಿನಲ್ಲಿ ಹೋದರು. ಗುನಗರು ತೋಟಕ್ಕೆ ನೀರು ಬಿಡುತ್ತಿದ್ದರಂತೆ. "ದೇವರು ಹೇಳಿದ್ದು ಸರಿಯೇ ಅದೆ. ನೀವು ಕೇಳಿದ್ದು ಸರಿ ಇಲ್ಲ. ಇಬ್ಬರು ಎರಡು ನಮೂನಿ ಕೇಳಿದ್ರೆ ಅವನಾದ್ರೂ ಎಂತ ಮಾಡ್ಬೇಕು?" ಎಂದರಂತೆ. ಮತ್ತೊಮ್ಮೆ ಕೇಳಿಕೊಡಿ ಎಂದದ್ದಕ್ಕೆ, ಒಂದೇ ಮಾತನ್ನು ಹಿಂದೆ ಮುಂದೆ ಮಾಡಿ ಕೇಳಿದರೆ ಸಿಟ್ಟಾಗುತ್ತಾನೆ, ಮಳೆಗಾಲ ಕಳೆದ ಮೇಲೆ ನೋಡುವಾ ಎಂದುಬಿಟ್ಟರು.

ಈ ಸುದ್ದಿ ಬಂದಾಗ ಮತ್ತೆ ಚರ್ಚೆ ಏರಿತು. ನಾನೂ ಗಂಟಲು ಹರಿದುಕೊಂಡು ವಾದ ಮಾಡುತ್ತಿದ್ದೆ. ಆಗ ಒಳಗಿನಿಂದ ಮೋಹನ ಬಾಗಿಲ ಚೌಕಟ್ಟು ಹಿಡಿದುಕೊಂಡು ಬಂದು ನಿಂತ.

"ಕಂಪನಿಯವರನ್ನ ಕೇಳಿದ್ರಿ. ಪ್ರಿನ್ಸಿಪಾಲರನ್ನ ಕೇಳಿದ್ರಿ. ಕ್ಯಾಂಟೀನಿನವನು ನೀವು ಕೇಳದೇ ಇದ್ರೂ ಹೇಳಿದ. ದೇವರನ್ನ ಎರಡೆರಡು ಸಲ ಕೇಳಿದ್ರಿ. ಆ ಕಂಪ್ಯೂಟರಿನ ಮುಂದೆ ಕೂರೂದು ನಾನು. ನನ್ನ ಯಾರಾದ್ರೂ ಒಂದು ಸಲ ಕೇಳಿದ್ರಾ?"

ಅವನ ಪರವಾಗಿ ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನೇ, ಅವನನ್ನು ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ.

"ಈಗ ಕೇಳ್ತೇನೆ. ಹಾಕೂದಾ ಮೋಹನ?" ಎಂದೆ.

"ಹಾಕಿ. ಈಗ್ಲೂ ಅದು ಅರ್ಧ ದಿನ ಮೂಗನೇ. ಪೂರ್ತಿ ಹೋದ್ರೆ ಹೋಯ್ತು. ಆದ್ರೆ ಬಟನ್ ನಾನೇ ಒತ್ತೂದು." ಆಮೇಲೆ ತಾಯಿಯ ಕಡೆ ತಿರುಗಿ, "ಆಯಿ, ನೀನು ಬೇಜಾರ ಮಾಡ್ಕಬೇಡ. ದೇವರಿಗೆ ನಾನು ಹೇಳ್ತೆ" ಎಂದ. ಆಯಿ ಸೆರಗಿನಿಂದ ಮೂಗು ಒರೆಸಿಕೊಂಡು, ಹೂಂ ಎಂದರು.

ಭಾನುವಾರ ಬೆಳಿಗ್ಗೆ ಇಟ್ಟುಕೊಂಡೆವು. ಲೈನ್‌ಮನ್ ಬೊಮ್ಮಯ್ಯನಿಗೆ ಮೊದಲೇ ಫೋನ್ ಮಾಡಿ, ಇವತ್ತು ಲೈನ್ ತೆಗೆಯುವುದುಂಟೋ ಎಂದು ಕೇಳಿದೆ. "ಭಾನುವಾರ ಬೆಳಿಗ್ಗೆ ನಾನು ತೆಗೆದ್ರೆ ನಮ್ಮನೇಲೇ ಕೋಳಿ ಮಸಾಲೆ ಅರೆಯೂಕಾಗೂದಿಲ್ಲ ಅಕ್ಕೋರೆ, ಹೆದರ್ಬೇಡಿ" ಎಂದ. ಅವನ ಮಾತೊಂದನ್ನೇ ನಂಬದೆ ಕರೆಂಟು ಹೋದರೂ ಯಂತ್ರ ನಡೆಸುವ ಯುಪಿಎಸ್ ಡಬ್ಬಕ್ಕೆ ಹೊಸ ಬ್ಯಾಟರಿಯನ್ನೂ ಹಾಕಿಸಿದ್ದೆ. ಬೋರ್ಡಿನ ಹೆಸರು, ತುದಿಯ ಸಣ್ಣ ಅಕ್ಷರ, ಎಲ್ಲವನ್ನೂ ಟಾರ್ಚ್ ಬಿಟ್ಟು ನೋಡಿದೆ. ಪ್ರಿನ್ಸಿಪಾಲರು ಬಂದು ಜಗಲಿಯಲ್ಲಿ ಆಯಿಯ ಪಕ್ಕ ಕೂತರು, ಒಳಗೆ ಬರುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಆಗಲೇ ನನಗೆ ಒಂದು ವಿಷಯ ಅರಿವಾದದ್ದು. ಬಯಾಸಿನ ಪರದೆ ಮಾತಾಡುವುದಿಲ್ಲ. ಸ್ಕ್ರೀನ್ ರೀಡರ್ ಓಡುವುದು ವಿಂಡೋಸ್ ಎದ್ದ ಮೇಲೆ. ಅದಕ್ಕೂ ಮೊದಲಿನದೆಲ್ಲ ಕಣ್ಣಿದ್ದವರಿಗೆ ಮಾತ್ರ.

"ತೊಂದರೆ ಇಲ್ಲ, ಇವತ್ತು ನನ್ನ ಸ್ಕ್ರೀನ್ ರೀಡರ್ ನೀವು. ಬರೆದದ್ದೆಲ್ಲ ಓದಿ" ಎಂದ ಮೋಹನ.

ಓದಲು ಶುರುಮಾಡಿದೆ. ಅವನು ಕೇಳಿ ಕೇಳಿ ಬಾಣದ ಕೀಲಿ ಒತ್ತುತ್ತಿದ್ದ. "ಅಕ್ಕೋರೆ, ನಿಮ್ಮ ಸ್ಪೀಡ್ ಏರಿಸೂಕೆ ಎಲ್ಲಿ ಒತ್ತಬೇಕು?" ಎಂದ. ಬೈದೆ. "ವಾಲ್ಯೂಮ್ ಇಳಿಸೂದಾದ್ರೂ ಅದ್ಯಾ?" ಎಂದ. ಕೊನೆಗೆ, ಖಚಿತವೇ ಎಂದು ಕೇಳುವ ಪರದೆ ಬಂತು. ಓದಿ ಹೇಳಿದೆ. ಅವನು ಒಂದು ಗಳಿಗೆ ಕೀಬೋರ್ಡಿನ ಮೇಲೆ ಅಂಗೈ ಇಟ್ಟು, ಎಂಟರ್ ಒತ್ತಿದ.

ಶೇಕಡಾ ಎಷ್ಟು ಮುಗಿಯಿತೆಂದು ತೋರಿಸುವ ಪಟ್ಟಿ ತುಂಬತೊಡಗಿತು. ಹನ್ನೆರಡು ಎಂದೆ, ಹದಿನೈದು ಎಂದೆ. ಒಮ್ಮೆ ಜಿಗಿಯುತ್ತಿತ್ತು, ಒಮ್ಮೆ ತಡೆಯುತ್ತಿತ್ತು. ನಲವತ್ತು ದಾಟಿತು, ಐವತ್ತು ದಾಟಿತು. ಅರವತ್ತೊಂದಕ್ಕೆ ಬಂದು ನಿಂತಿತು.

ನಿಂತೇ ಇತ್ತು. ಹೀಗೆ ನಿಂತಾಗ ಏನೂ ಮಾಡದೆ ಕಾಯಬೇಕು ಎಂದು ನೂರು ಮಂದಿಗೆ ಹೇಳಿಕೊಟ್ಟವಳು ನಾನು. ಆ ಹೊತ್ತಿಗೆ ಅದೆಲ್ಲ ತಲೆಯಿಂದ ಹಾರಿಹೋಗಿತ್ತು. ಕೆಟ್ಟೇಹೋಯಿತು, ಆಫ್ ಮಾಡಿ ಮತ್ತೆ ಮೊದಲಿನಿಂದ ಶುರುಮಾಡಲೇ ಎಂಬ ಒಂದೇ ಯೋಚನೆ. ಯುಪಿಎಸ್ಸಿನ ಗುಂಡಿ ಕೈಗೆ ಸಿಗುವಲ್ಲೇ ಇತ್ತು.

"ಆಮೇಲೆ?" ಎಂದ ಮೋಹನ.

ನಿಂತಿದೆ ಎನ್ನಲು ನನಗೆ ಬಾಯಿ ಬರಲಿಲ್ಲ. "ಅರವತ್ತೆರಡು" ಎಂದೆ.

"ಆಮೇಲೆ?"

"ಅರವತ್ತಮೂರು."

"ಆಮೇಲೆ ಅಕ್ಕೋರೆ?"

"ಅರವತ್ತನಾಲ್ಕು. ಎಂತ ಅವಸರ ನಿಂಗೆ?" ಎಂದು ಗದರಿದೆ. ಅವನು ಬಿಡಲಿಲ್ಲ. ಆಮೇಲೆ, ಆಮೇಲೆ ಎಂದು ಒಂದೇ ಸಮನೆ ಕಾಡಿದ. ನಾನು ಹೇಳುತ್ತ ಹೇಳುತ್ತ ಎಪ್ಪತ್ತರ ಮೇಲೆ ಹೋದೆ. ಪರದೆಯ ಮೇಲೆ ಅರವತ್ತೊಂದೇ ಇತ್ತು. ನಾನು ಎಪ್ಪತ್ನಾಲ್ಕು ಎನ್ನುವಾಗ ಅದು ಎಚ್ಚೆತ್ತು ಒಂದೇ ಏಟಿಗೆ ತೊಂಬತ್ತಕ್ಕೆ ಹಾರಿತು. "ತೊಂಬತ್ತು" ಎಂದೆ.

"ಓಹೋ, ಬಸ್ಸಿಗೆ ಹೊತ್ತಾಯ್ತು ಕಾಣ್ತದೆ ಅದಕ್ಕೆ" ಎಂದ.

ನೂರು ಮುಟ್ಟಿ ಯಂತ್ರ ಆರಿತು. ಪರದೆ ಕಪ್ಪಾಗಿ, ತಾನೇ ಹೊತ್ತಿಕೊಂಡು, ಮತ್ತೆ ಕಪ್ಪಾಗಿ, ಕೊನೆಗೆ ವಿಂಡೋಸ್ ಬಂತು. ಮೋಹನ ಹೆಡ್‌ಫೋನನ್ನು ಕಿತ್ತಿಟ್ಟಿದ್ದ, ಹೊರಗಿನವರಿಗೂ ಕೇಳಲಿ ಎಂದು. ಮಿಕ್ಸಿ ತಿರುಗತೊಡಗಿತು. ಜಗಲಿಯಿಂದ ಆಯಿ, "ಅದೇ ಅಲ್ದಾ ಶಬ್ದ? ಅದೇ ಅಲ್ದಾ?" ಎನ್ನುವುದು ಕೇಳಿತು. ನಾವು ಅದನ್ನು ನಿದ್ದೆಗೆ ಕಳಿಸಿ, ಎಬ್ಬಿಸಿ, ಮತ್ತೆ ಕಳಿಸಿ, ಮತ್ತೆ ಎಬ್ಬಿಸಿ ನೋಡಿದೆವು. ಪ್ರತಿ ಸಲವೂ ಮಾತಾಡಿತು. ಪ್ರಿನ್ಸಿಪಾಲರು ಆಯಿಯ ಎದುರು ಕೈಮುಗಿದರು, ಆಯಿ ಅವರ ಎದುರು ಕೈಮುಗಿದರು. ನಾನು ಯಾರಿಗೂ ಕಾಣದಂತೆ ಕಿಟಕಿಯ ಕಡೆ ತಿರುಗಿ ಅತ್ತುಬಿಟ್ಟೆ.

ಸಭೆಯ ಕಾಗದಪತ್ರಗಳನ್ನೆಲ್ಲ ಮೋಹನನೇ ಟೈಪ್ ಮಾಡಿದ. ಅವನನ್ನು ಕಾಯಂ ಮಾಡುವ ಠರಾವನ್ನೂ ಅವನೇ ಟೈಪ್ ಮಾಡಿ, ಪ್ರಿನ್ಸಿಪಾಲರು ಹೇಳಿ ಬರೆಸಿದ್ದರಲ್ಲಿ ಒಂದು ವ್ಯಾಕರಣ ತಪ್ಪು ತಿದ್ದಿ, ಸಹಿಗೆ ಇಟ್ಟ.

ಆ ವಾರವೇ ಬಸ್ಸಿನಲ್ಲಿ ಮನೆಗೆ ಹೊರಟಿದ್ದೆವು. ಪಕ್ಕದಲ್ಲಿ ಕೂತವನು ಹಠಾತ್ತನೆ, "ಅಕ್ಕೋರೆ, ಅವತ್ತು ಅರವತ್ತೊಂದರ ಮೇಲೆ ನೀವು ಹೇಳಿದ್ದು ಸುಳ್ಳು ಅಲ್ದಾ?" ಎಂದ.

"ನಿಂಗೆ ಯಾರು ಹೇಳಿದ್ರು?"

"ನೀವೇ. ಅಲ್ಲಿವರೆಗೆ ಓದ್ತಾ ಇದ್ರಿ, ಒಮ್ಮೆ ಹಾರಿ, ಒಮ್ಮೆ ನಿಂತು. ಅಲ್ಲಿಂದ ಶಾಲೆ ಮಕ್ಕಳ ಹಾಂಗೆ ಎಣಿಸೂಕೆ ಶುರು ಮಾಡಿದ್ರಿ. ಯಂತ್ರ ಹಂಗೆ ಹೋಗೂದಿಲ್ಲ."

"ಗೊತ್ತಿದ್ದೂ ಆಮೇಲೆ, ಆಮೇಲೆ ಅಂತ ಯಾಕೆ ನನ್ನ ಜೀವ ತಿಂದೆ?"

"ನಿಮ್ಮ ಬಳೆ ಯುಪಿಎಸ್ಸಿನ ಡಬ್ಬಕ್ಕೆ ತಾಗ್ತಾ ಇತ್ತು ಅಕ್ಕೋರೆ. ಬೇಡ ಅಂತ ಕೂಗಿದ್ರೆ ನೀವು ಗಾಬರಿಗೆ ಒತ್ತಿಬಿಡ್ತಿದ್ರಿ. ಎಣಿಸ್ತಾ ಇದ್ರೆ ಒ‌ತ್ತೂದಿಲ್ಲ ಅಂತ ಎಣಿಸೂಕೆ ಹಚ್ಚಿದೆ."

ಹಟ್ಟಿಕೇರಿ ಬಂತು. ಅವನು ಎದ್ದು, ಸೀಟಿನ ಸರಳು ಹಿಡಿದು, ಬಾಗಿಲ ಕಡೆ ನಡೆದ. ನಾನು ಅವನ ಹಿಂದೆ ಬಾಗಿಲವರೆಗೂ ಹೋದೆ. ಅವನು ಇಳಿದು ರಸ್ತೆ ದಾಟುವವರೆಗೂ ಬಸ್ಸು ಬಿಡಬೇಡ ಎಂದು ಕಂಡಕ್ಟರನ ಹತ್ತಿರ ಜಗಳ ತೆಗೆದೆ.